ನಮ್ಮ ನಾಯಿ ಚಿಗರಿ ಕುರಿ ಅಟ್ಟಿದಳು, ರೈತರು ಗುಂಡು ಹೊಡೀತೀನಿ ಅಂದರು. ಈಗೇನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾವು ಬಾಗಲಕೋಟೆ ಕಡೆಯವರು. ಯಜಮಾನರಿಗೆ ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ, ಎರಡು ವರ್ಷದಿಂದ ಇಂಗ್ಲೆಂಡಿನ ಯಾರ್ಕ್‌ಶೈರ್ ಡೇಲ್ಸ್‌ನ ಒಂದು ಹಳ್ಳಿಯಲ್ಲಿದ್ದೇವೆ. ಹೋದ ಸೆಪ್ಟೆಂಬರ್‌ನಲ್ಲಿ ನಾಯಿಗಳ ಆಶ್ರಯ ಕೇಂದ್ರದಿಂದ ಮೂರು ವರ್ಷದ ಹೆಣ್ಣು ಲರ್ಚರ್ ನಾಯಿ ತಂದೆವು. ಥೇಟ್ ನಮ್ಮ ಮುಧೋಳ ನಾಯಿ ಥರಾನೇ ಇದ್ದಾಳೆ, ಅದಕ್ಕೆ ಮಕ್ಕಳು ಚಿಗರಿ ಅಂತ ಹೆಸರಿಟ್ಟರು. ಮನೆಯಲ್ಲಿ ಬಲು ಸಾಧು. ಕಳೆದ ಭಾನುವಾರ ಕಾಲುದಾರಿಯಲ್ಲಿ ಅವಳ ಲೀಡ್ (ನಾಯಿ ಹಿಡಿಯುವ ಪಟ್ಟಿ) ಬಿಚ್ಚಿದ್ದೆ. ಗೋಡೆಯ ಆಚೆ ಕುರಿ ಇದ್ದದ್ದು ನನಗೆ ಕಾಣಲಿಲ್ಲ, ಅವಳಿಗೆ ಕಂಡಿತು. ಒಂದೇ ನೆಗೆತಕ್ಕೆ ಗೋಡೆ ಹಾರಿ ಇಡೀ ಹಿಂಡನ್ನು ಮೂಲೆಗೆ ಅಟ್ಟಿದಳು. ಬೆನ್ನಿಗೆ ನೀಲಿ ಬಣ್ಣ ಬಳಿದಿದ್ದ ಒಂದು ಕುರಿ ಬಿತ್ತು, ಆಮೇಲೆ ಎದ್ದಿತು. ಚಿಗರಿ ಯಾವುದನ್ನೂ ಕಚ್ಚಲಿಲ್ಲ, ನಾನು ಕಣ್ಣಾರೆ ನೋಡಿದೆ, ಆಟಕ್ಕೆ ಓಡಿಸಿದ ಹಾಗಿತ್ತು. ಅಷ್ಟರಲ್ಲಿ ರೈತರು ಬಂದು, ಇನ್ನೊಂದು ಸಲ ಕಂಡರೆ ಗುಂಡು ಹೊಡೀತೀನಿ ಅಂದರು. ನನಗೆ ಅಳು ಬಂತು, ಸಾರಿ ಅಂದು ಮನೆಗೆ ಓಡಿ ಬಂದೆ. ಅವರು ನಿಜವಾಗಿಯೂ ಹೊಡೆಯಬಹುದಾ? ಜನವರಿ ತನಕ ಶನಿವಾರ ಬಂತೆಂದರೆ ಹಕ್ಕಿ ಬೇಟೆಯ ಶೂಟಿಂಗ್‌ನವರ ನಾಯಿಗಳು ಅದೇ ಹೊಲದಲ್ಲಿ ಬಿಡುಬೀಸಾಗಿ ಓಡಾಡುತ್ತಿದ್ದವು, ಅವಕ್ಕೆ ಯಾರೂ ಏನೂ ಅನ್ನಲ್ಲ, ನಮ್ಮದಕ್ಕೆ ಮಾತ್ರ ಯಾಕೆ? ಪಕ್ಕದ ಮನೆಯವರು ಟಗರಿನ ಜೊತೆ ಕೂಡಿಹಾಕಿ ಅಂತಾರೆ, ಇನ್ನೊಬ್ಬರು ಶಾಕ್ ಕಾಲರ್ ಅಂತಾರೆ, ಮತ್ತೊಬ್ಬರು ಒಮ್ಮೆ ರುಚಿ ಹತ್ತಿದ ನಾಯಿ ಸರಿಹೋಗಲ್ಲ, ವಾಪಸ್ ಕೊಡಿ ಅಂತಾರೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಕೆಲಸ ಮಾಡಿ, ಆಮೇಲೆ ಬಂದು ಉಳಿದದ್ದು ಓದಿ. ಆ ರೈತರ ಮನೆಗೆ ಹೋಗಿ. ಚಿಗರಿಯನ್ನು ಮನೆಯಲ್ಲೇ ಬಿಟ್ಟು ಹೋಗಿ. ನಿಮ್ಮ ಹೆಸರು, ಫೋನ್ ನಂಬರ್ ಬರೆದ ಚೀಟಿ ಕೊಡಿ, ಬಿದ್ದ ಕುರಿ ಹೇಗಿದೆ ಅಂತ ಕೇಳಿ, ವೆಟ್ ಖರ್ಚು ಬಂದರೆ ನಾವು ಕೊಡುತ್ತೇವೆ ಅಂತ ನೀವಾಗಿಯೇ ಹೇಳಿ. "ಕಚ್ಚಲಿಲ್ಲ" ಅನ್ನುವ ಮಾತು ಮಾತ್ರ ಅಲ್ಲಿ ಆಡಬೇಡಿ. ಯಾಕೆ ಅಂತ ಈಗ ಹೇಳುತ್ತೇನೆ.

ನಿಮ್ಮ ಪತ್ರ ಓದಿದರೆ ಭಯ ಎರಡು ಕಡೆ ಇದೆ ಅನ್ನಿಸುತ್ತೆ. ಚಿಗರಿಯ ಜೀವದ ಭಯ ಒಂದು. ಊರಲ್ಲಿ ಈಗಷ್ಟೇ ನಾಲ್ಕು ಜನರ ಪರಿಚಯ ಆಗುತ್ತಿರುವಾಗ ಹೊರಗಿನವರು ಬಂದು ಕುರಿ ಕೆಡಿಸಿದರು ಅಂತ ಹೆಸರು ಬಂದೀತು ಅನ್ನುವ ಭಯ ಇನ್ನೊಂದು. ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ, ಈಗ ಹಲವು ವರ್ಷದಿಂದ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ದನ, ಕುರಿ, ನಾಯಿ ಎಲ್ಲವನ್ನೂ ನೋಡುವ ವೆಟ್. ಬೆಳಿಗ್ಗೆ ಕುರಿಯ ಕೊಟ್ಟಿಗೆಯಲ್ಲಿ ಇರುತ್ತೇನೆ, ಮಧ್ಯಾಹ್ನ ನಾಯಿ ಕ್ಲಿನಿಕ್‌ನಲ್ಲಿ. ಹಾಗಾಗಿ ಇಂಥ ಭಾನುವಾರಗಳ ಎರಡೂ ಕಡೆಯವರು ನನ್ನ ಮುಂದೆ ಬಂದು ಕೂತು ಅತ್ತಿದ್ದಾರೆ.

ಗುಂಡಿನ ವಿಷಯ ಮೊದಲು ಮುಗಿಸೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1971ರ ಅನಿಮಲ್ಸ್ ಆಕ್ಟ್ ಅಂತ ಒಂದು ಕಾನೂನಿದೆ. ನಾಯಿ ಕುರಿಯ ಮೇಲೆ ಬೀಳುತ್ತಿದ್ದರೆ, ಅಥವಾ ಇನ್ನೇನು ಬೀಳುವಂತಿದ್ದರೆ, ಅದನ್ನು ತಡೆಯಲು ಬೇರೆ ದಾರಿಯೇ ಇಲ್ಲ ಅನ್ನುವಾಗ ರೈತರು ಗುಂಡು ಹೊಡೆದರೆ, ನಾಯಿಯ ಮಾಲೀಕರು ಹಾಕಿದ ದಾವೆಗೆ ಆ ಕಾನೂನು ಅವರಿಗೆ ರಕ್ಷಣೆ ಕೊಡುತ್ತದೆ. ಕುರಿ ಕೆಡಿಸಿ ಅಲ್ಲೇ ಸುತ್ತಾಡುತ್ತಿದೆ, ಯಾರ ಹಿಡಿತದಲ್ಲೂ ಇಲ್ಲ, ಯಾರ ನಾಯಿ ಅಂತ ತಿಳಿಯುವ ದಾರಿಯೂ ಇಲ್ಲ ಅಂದರೆ ಆಗಲೂ ಅಷ್ಟೇ. ಹೊಡೆದವರು 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಅಂದರೆ "ನನ್ನ ಜಮೀನಿಗೆ ಕಾಲಿಟ್ಟ ಯಾವ ನಾಯಿಯನ್ನಾದರೂ ಹೊಡೀಬಹುದು" ಅನ್ನುವುದು ಸುಳ್ಳು. ಲೀಡ್‌ನಲ್ಲಿ ನಿಮ್ಮ ಪಕ್ಕ ನಡೆಯುವ ಚಿಗರಿಗೆ ಯಾರೂ ಕೈ ಹಚ್ಚುವಂತಿಲ್ಲ. ಆದರೆ ಕಳೆದ ಭಾನುವಾರ ಅವರ ಕೈಯಲ್ಲಿ ಕೋವಿ ಇದ್ದಿದ್ದರೆ? ನೀವು ಹೇಳಿದ ಪ್ರಕಾರವೇ ನೋಡಿದರೆ ಕಾನೂನು ಹೆಚ್ಚುಕಡಿಮೆ ಅವರ ಕಡೆ ನಿಲ್ಲುತ್ತಿತ್ತು. ನನಗೆ ಗೊತ್ತಿರುವ ರೈತರಲ್ಲಿ ಹಾಗೆ ಹೊಡೆದವರು ಕಡಿಮೆ, ಹೊಡೆದು ನೆಮ್ಮದಿಯಿಂದ ನಿದ್ದೆ ಮಾಡಿದವರು ಒಬ್ಬರೂ ಇಲ್ಲ. ಅವರ ಮನೆಯಲ್ಲೂ ನಾಯಿ ಇರುತ್ತೆ ಅಲ್ವಾ.

ಈಗ "ಕಚ್ಚಲಿಲ್ಲ" ಅನ್ನುವ ಮಾತು. ನಾನು ಅತಿ ಹೆಚ್ಚು ಸಲ ಕೇಳುವ ಮಾತು ಇದು, ಅತಿ ಹೆಚ್ಚು ನಷ್ಟ ಮಾಡುವ ತಪ್ಪು ತಿಳಿವಳಿಕೆಯೂ ಇದೇ.

ಇಲ್ಲಿನ ಬೆಟ್ಟದ ಕುರಿಗಳಿಗೆ ನವೆಂಬರ್ ಮೊದಲ ವಾರ ಟಗರು ಬಿಡುತ್ತಾರೆ. ಪಟಾಕಿಯ ದಿನ ಟಗರು ಒಳಗೆ, ಏಪ್ರಿಲ್ ಫೂಲ್ ದಿನ ಮರಿ ಹೊರಗೆ ಅಂತ ಇಲ್ಲಿ ಒಂದು ಮಾತಿದೆ. ನವೆಂಬರ್ 5ರ ಬಾನ್‌ಫೈರ್ ನೈಟ್‌ನಿಂದ ಏಪ್ರಿಲ್ 1ಕ್ಕೆ ಲೆಕ್ಕ ಹಾಕಿ, ಸರಿಯಾಗಿ 147 ದಿನ, ಕುರಿ ಗಬ್ಬದ ಅವಧಿ ಅಷ್ಟೇ. ಹೊಸ ವರ್ಷ ಕಳೆದ ಮೇಲೆ ಸ್ಕ್ಯಾನ್ ಮಾಡಿಸುತ್ತಾರೆ, ಒಂದು ಮರಿಯದ್ದು, ಎರಡರದ್ದು, ಮೂರರದ್ದು ಅಂತ ಬೇರೆ ಬೇರೆ ಬಣ್ಣ ಬಳಿಯುತ್ತಾರೆ. ಯಾವ ಬಣ್ಣಕ್ಕೆ ಏನರ್ಥ ಅನ್ನುವುದು ಒಂದೊಂದು ಫಾರ್ಮ್‌ನಲ್ಲಿ ಒಂದೊಂದು ಥರ. ನೀವು ಕಂಡ ಆ ನೀಲಿ ಗುರುತು ಬಹುಶಃ ಅದೇ. ಅಂದರೆ ನೀವು ನೋಡಿದ್ದು ಮೂರು ತಿಂಗಳು ದಾಟಿದ ಗಬ್ಬದ ಕುರಿ.

ಕೊನೆಯ ಆರು ವಾರದಲ್ಲಿ ಹೊಟ್ಟೆಯೊಳಗಿನ ಮರಿ ತುಂಬಾ ಬೇಗ ಬೆಳೆಯುತ್ತದೆ. ಮರಿ ಜಾಗ ತಿಂದಷ್ಟೂ ಮೇವಿಗೆ ಜಾಗ ಕಡಿಮೆ. ಎರಡು ಮೂರು ಮರಿ ಹೊತ್ತ ಕುರಿ ಆಗ ತುಂಬಾ ಸಣ್ಣ ಅಂಚಿನ ಮೇಲೆ ಬದುಕುತ್ತಿರುತ್ತದೆ, ಹೆದರಿ ಒಂದು ದಿನ ಮೇವು ಬಿಟ್ಟರೂ ಸಾಕು, ಮೈಯ ಕೊಬ್ಬನ್ನು ಕರಗಿಸಲು ಶುರು ಮಾಡುತ್ತದೆ, ಲಿವರ್‌ಗೆ ಅದನ್ನು ತಡೆಯಲಾಗುವುದಿಲ್ಲ, ಕಣ್ಣು ಕಾಣದ ಹಾಗೆ ತಡವರಿಸುತ್ತ ನಿಂತು ಆಮೇಲೆ ಮಲಗಿಬಿಡುತ್ತದೆ. ಇಲ್ಲಿನವರು ಇದಕ್ಕೆ ಅವಳಿ ಮರಿ ರೋಗ ಅಂತಲೇ ಹೇಳುತ್ತಾರೆ. ಹಾಗೆ ಮಲಗಿದ್ದನ್ನು ಎಬ್ಬಿಸುವುದು ಬಲು ಕಷ್ಟ. ಇನ್ನು ಕೆಲವು ಕುರಿಗಳು ನಾಯಿ ಅಟ್ಟಿದ ಗಾಬರಿಗೆ ಕೆಲವು ದಿನ ಬಿಟ್ಟು ಕಂದು ಹಾಕುತ್ತವೆ. ಮೂಲೆಗೆ ಸಿಕ್ಕ ಹಿಂಡು ಕಲ್ಲುಗೋಡೆಗೆ ಒತ್ತಿಕೊಂಡು ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸತ್ತದ್ದನ್ನು ನಾನೇ ನೋಡಿದ್ದೇನೆ. ಅಲ್ಲಿ ಒಂದು ಕುರಿಗೂ ಹಲ್ಲಿನ ಗುರುತು ಇರಲಿಲ್ಲ.

ನಾಯಿಗಳಿಂದ ಜಾನುವಾರು ಕಾಪಾಡಲು ಮಾಡಿದ 1953ರ ಕಾನೂನು ಕೂಡ ಇದನ್ನು ಅರಿತೇ ಬರೆದದ್ದು. ಗಾಯ ಆಗಬಹುದು, ಕಂದು ಹಾಕಬಹುದು ಅನ್ನುವ ಹಾಗೆ ಅಟ್ಟಿದರೆ ಸಾಕು, ಅದು ತಪ್ಪು. ಅಷ್ಟೇ ಅಲ್ಲ, ಕುರಿ ಇರುವ ಹೊಲದಲ್ಲಿ ನಾಯಿ ಲೀಡ್ ಇಲ್ಲದೆ, ಹಿಡಿತದಲ್ಲೂ ಇಲ್ಲದೆ ಸುಮ್ನೆ ಇದ್ದರೂ ತಪ್ಪೇ. ನಷ್ಟದ ಹಣಕ್ಕಂತೂ "ನನ್ನ ನಿರ್ಲಕ್ಷ್ಯ ಇರಲಿಲ್ಲ" ಅನ್ನುವ ಮಾತು ನಡೆಯುವುದಿಲ್ಲ, ನಾಯಿ ಸಾಕಿದವರೇ ಕೊಡಬೇಕು. ನಿಮ್ಮ ಪೆಟ್ ಇನ್ಶೂರೆನ್ಸ್ ಕಾಗದ ತೆಗೆದು ಥರ್ಡ್ ಪಾರ್ಟಿ ಭಾಗ ಓದಿ. ಕೆಲವು ಪಾಲಿಸಿಗಳಲ್ಲಿ ಜಾನುವಾರು ಸೇರಿರುತ್ತೆ, ಕೆಲವದರಲ್ಲಿ ಇಲ್ಲ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತೆ. ನಮ್ಮ ಕುರುಬರ ಮಂದೆಯ ಜೊತೆ ಹಗಲೂ ರಾತ್ರಿ ಮನುಷ್ಯ ಇರುತ್ತಾನೆ, ನಾಯಿಯೂ ಇರುತ್ತೆ, ಸಂಜೆಗೆ ಹಟ್ಟಿ. ಇಲ್ಲಿ ಹಾಗಿಲ್ಲ. ಸ್ವೇಲ್‌ಡೇಲ್, ಹರ್ಡ್‌ವಿಕ್ ತಳಿಯ ಕುರಿಗಳು ಬೇಲಿಯಿಲ್ಲದ ಬೆಟ್ಟದಲ್ಲಿ ಮೇಯುತ್ತವೆ, ಕಾಯುವವರು ಜೊತೆಗಿರುವುದಿಲ್ಲ. ಹಾಗಿದ್ದರೂ ತಮ್ಮ ಜಾಗ ಬಿಟ್ಟು ಹೋಗುವುದಿಲ್ಲ, ಯಾಕೆಂದರೆ ಯಾವ ಇಳಿಜಾರು ನಮ್ಮದು, ಚಳಿಗಾಳಿಗೆ ಎಲ್ಲಿ ಒರಗಬೇಕು ಅನ್ನುವುದನ್ನು ತಾಯಿಯ ಹಿಂದೆ ನಡೆದು ಮರಿ ಕಲಿಯುತ್ತದೆ, ಅದರಿಂದ ಅದರ ಮರಿ. ಇದಕ್ಕೆ ಹೆಫ್ಟ್ ಅಂತಾರೆ. 2001ರಲ್ಲಿ ಕಾಲುಬಾಯಿ ರೋಗ ಬಂದು ಕಂಬ್ರಿಯಾದಲ್ಲಿ ಹಿಂಡಿಗೆ ಹಿಂಡೇ ಕೊಲ್ಲಿಸಿದಾಗ ಜನ ಕುರಿಗಿಂತ ಜಾಸ್ತಿ ಅತ್ತಿದ್ದು ಈ ಹೆಫ್ಟ್‌ಗೆ. ದುಡ್ಡು ಕೊಟ್ಟು ಹೊಸ ಕುರಿ ತರಬಹುದು, ಬೆಟ್ಟ ಗೊತ್ತಿರುವ ಕುರಿ ಸಂತೆಯಲ್ಲಿ ಸಿಗುವುದಿಲ್ಲ. ಬೆಟ್ಟದ ಮೇಲೆ ನಾಯಿ ಬಂದು ಹಿಂಡನ್ನು ಚದುರಿಸಿದರೆ ರೈತರಿಗೆ ಹೊಟ್ಟೆ ಉರಿಯುವುದು ಇದಕ್ಕೂ ಹೌದು.

ಹಾಗಾದರೆ ಶೂಟಿಂಗ್ ನಾಯಿಗಳ ಕತೆ ಏನು? ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಫೆಸೆಂಟ್ ಅನ್ನುವ ಕಾಡುಕೋಳಿಯಂಥ ಹಕ್ಕಿಯ ಶೂಟಿಂಗ್ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ನಡೆಯುತ್ತೆ. ನಮ್ಮ ಮಲೆನಾಡಿನ ಬೇಟೆಯಲ್ಲಿ ಸೋವುವುದು ಅಂತಿದ್ದರಲ್ಲ, ಹಾಗೆಯೇ ಇಲ್ಲಿ ಜನ ಸಾಲಾಗಿ ಪೊದೆ ಬಡಿಯುತ್ತ ಹಕ್ಕಿ ಎಬ್ಬಿಸುತ್ತಾರೆ, ಸ್ಪಾನಿಯಲ್‌ಗಳು ಒಳಗೆ ನುಗ್ಗುತ್ತವೆ, ಬಿದ್ದ ಹಕ್ಕಿಯನ್ನು ಲ್ಯಾಬ್ರಡಾರ್‌ಗಳು ತರುತ್ತವೆ. ಕೆಲಸದಲ್ಲಿರುವ ಗನ್ ಡಾಗ್, ಬೇಟೆ ನಾಯಿಗಳ ಪಡೆ, ಕುರಿನಾಯಿ, ಪೊಲೀಸ್ ನಾಯಿ, ಕುರುಡರ ನಾಯಿ, ಇವಕ್ಕೆ ಕಾನೂನಿನಲ್ಲಿ ರಿಯಾಯಿತಿ ಇದೆ. ಆದರೆ ಗಮನಿಸಿ, ಕುರಿ ಇರುವ ಹೊಲದಲ್ಲಿ ಬಿಟ್ಟಿರುವುದಕ್ಕೆ ಮಾತ್ರ ರಿಯಾಯಿತಿ. ಕುರಿ ಅಟ್ಟಿದರೆ ಅವುಗಳ ಮಾಲೀಕರೂ ನಿಮ್ಮ ಹಾಗೇ ಸಿಕ್ಕಿಬೀಳುತ್ತಾರೆ. ಆ ಸ್ಪಾನಿಯಲ್‌ಗೆ ಮರಿಯಿಂದಲೇ ಕಣ್ಣೆದುರು ಮೊಲ ಎದ್ದರೂ ಕೂತುಬಿಡುವುದನ್ನು ತಿಂಗಳುಗಟ್ಟಲೆ ಕಲಿಸಿರುತ್ತಾರೆ. ಬೇಟೆ ಪಡೆಯ ಮರಿಗಳನ್ನಂತೂ ಫಾರ್ಮ್ ಮನೆಗಳಿಗೆ ಬೆಳೆಸಲು ಕೊಡುವ ಪದ್ಧತಿಯೇ ಇದೆ, ಕುರಿ ಕೋಳಿಗಳ ನಡುವೆ ಬೆಳೆಯಲಿ ಅಂತ.

ಚಿಗರಿಯ ರಕ್ತ ಬೇರೆ. ನಾಯಿಯ ಬೇಟೆಯಲ್ಲಿ ಹಂತಗಳಿವೆ: ಕಣ್ಣಿಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು. ಮನುಷ್ಯರು ಒಂದೊಂದು ತಳಿಯಲ್ಲಿ ಒಂದೊಂದು ಹಂತವನ್ನು ಬೆಳೆಸಿ ಉಳಿದದ್ದನ್ನು ತಗ್ಗಿಸಿದ್ದಾರೆ. ಕುರಿ ಕಾಯುವ ಕಾಲಿ (collie) ತಳಿಯ ನಾಯಿ ಕಣ್ಣಿಟ್ಟು ಹೊಂಚಿ ಅಟ್ಟುತ್ತೆ, ಕಚ್ಚುವುದರೊಳಗೆ ನಿಲ್ಲುತ್ತೆ. ಲ್ಯಾಬ್ರಡಾರ್ ಮೆತ್ತಗೆ ಬಾಯಲ್ಲಿ ಹಿಡಿದು ತರುತ್ತೆ. ಗ್ರೇಹೌಂಡ್, ವಿಪ್ಪೆಟ್, ನಮ್ಮ ಮುಧೋಳ ಇವುಗಳಲ್ಲಿ ಅಟ್ಟುವುದನ್ನೂ ಹಿಡಿಯುವುದನ್ನೂ ತಲೆಮಾರುಗಟ್ಟಲೆ ತಿದ್ದಿ ತೀಡಿದ್ದಾರೆ. ಲರ್ಚರ್ ಅಂದರೆ ಇಂಥ ಓಟದ ನಾಯಿಯನ್ನು ಕಾಲಿ ತಳಿಗೋ ಟೆರಿಯರ್‌ಗೋ ಕೂಡಿಸಿದ್ದು, ಹಿಂದೆ ಕದ್ದು ಬೇಟೆಯಾಡುವವರ ಅಚ್ಚುಮೆಚ್ಚಿನ ನಾಯಿ. ಸದ್ದಿಲ್ಲದೆ ಹೋಗಿ ಮೊಲ ಹಿಡಿದು ತರುವ ನಾಯಿ. ಓಡುವ ವಸ್ತು ಕಂಡಾಗ ಅವಳು ಕೋಪದಿಂದ ಓಡುವುದಿಲ್ಲ, ಅದನ್ನು ಆಟ ಅನ್ನುವುದೂ ಕಷ್ಟ. ಕಣ್ಣು ಸಿಕ್ಕಿಕೊಂಡಿತೆಂದರೆ ಕಿವಿ ಮುಚ್ಚಿದ ಹಾಗೆ. ಗ್ರೇಹೌಂಡ್‌ಗಳು ಗಂಟೆಗೆ 60 ಕಿಲೋಮೀಟರ್ ದಾಟುತ್ತವೆ, ಲರ್ಚರ್ ಅದಕ್ಕೇನೂ ಬಹಳ ಹಿಂದಿಲ್ಲ. ನೀವು "ಚಿಗರೀ" ಅಂತ ಕೂಗಿ ಮುಗಿಸುವಷ್ಟರಲ್ಲಿ ಅವಳು ಹೊಲದ ಆ ತುದಿಯಲ್ಲಿರುತ್ತಾಳೆ. ಮನೆಯಲ್ಲಿ ಸಾಧು ಅಂದಿರಲ್ಲ, ಅದೂ ನಿಜ. ಒಂದೇ ನಾಯಿಯ ಎರಡು ನಿಜ.

ಲರ್ಚರ್ ಕಂಡರೆ ರೈತರು ಬೇಗ ಸಿಡುಕುವುದಕ್ಕೆ ಇನ್ನೊಂದು ಕಾರಣವೂ ಇದೆ, ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ನಾಯಿ ಬಿಟ್ಟು ಮೊಲ ಓಡಿಸುವ ಪಂದ್ಯ 2004ರ ಹಂಟಿಂಗ್ ಆಕ್ಟ್‌ನಿಂದ ನಿಂತಿತು, 2005ರ ಫೆಬ್ರವರಿ 18ರಿಂದ ಜಾರಿ. ಆದರೂ ಕದ್ದು ಮಾಡುವವರು ಇದ್ದಾರೆ, ಬಾಜಿ ಕಟ್ಟುತ್ತಾರೆ, ಗೇಟು ಮುರಿದು ಬೆಳೆಯ ಮೇಲೆ ಜೀಪು ಓಡಿಸುತ್ತಾರೆ, ಕೇಳಲು ಹೋದ ರೈತರನ್ನು ಹೆದರಿಸುತ್ತಾರೆ. ಅವರ ಜೊತೆ ಇರುವುದು ಇಂಥವೇ ನಾಯಿಗಳು. ಪರಿಚಯ ಇಲ್ಲದ ಮುಖ, ಬಿಟ್ಟ ಲರ್ಚರ್, ಓಡುತ್ತಿರುವ ಕುರಿ, ಇಷ್ಟು ಒಟ್ಟಿಗೆ ಕಂಡಾಗ ಅವರ ಮನಸ್ಸಿಗೆ ಏನು ಬಂದಿರಬಹುದು ಊಹಿಸಿ. ನೀವೇ ಬಾಗಿಲು ತಟ್ಟಿ ಹೆಸರು ಹೇಳಿದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತೆ ಅಂತ ನಾನು ಹೇಳುವುದು ಇದಕ್ಕೇ.

ಇನ್ನು ನೆರೆಹೊರೆಯ ಸಲಹೆಗಳು. ಟಗರಿನ ಜೊತೆ ಕೂಡಿಹಾಕುವುದು ಇಲ್ಲಿನ ಹಳೇ ನಂಬಿಕೆ. ಗುದ್ದಿಸಿಕೊಂಡ ನಾಯಿಯ ಪಕ್ಕೆಲುಬು ಮುರಿಯಬಹುದು, ಇಲ್ಲವೇ ಚಿಗರಿಯಂಥ ನಾಯಿ ತಿರುಗಿಬಿದ್ದು ಟಗರಿಗೇ ಗಾಯ ಮಾಡಬಹುದು, ಆಮೇಲೆ ಕುರಿಯ ಮೇಲೆ ದ್ವೇಷ ಕಲಿತರೆ ಇನ್ನೂ ಕಷ್ಟ. ಬೇಡವೇ ಬೇಡ. ಶಾಕ್ ಕಾಲರ್ ವೇಲ್ಸ್‌ನಲ್ಲಿ 2010ರಲ್ಲೇ ನಿಷೇಧವಾಗಿದೆ. ಬಳಸುವವರು ಕೆಲಸ ಮಾಡುತ್ತೆ ಅಂತಾರೆ, ಕೆಲವು ನಾಯಿಗಳಲ್ಲಿ ಮಾಡಿದ್ದೂ ಇರಬಹುದು. ಆದರೆ ಓಟದ ಅಮಲಿನಲ್ಲಿರುವ ನಾಯಿಗೆ ಸಣ್ಣ ಶಾಕ್ ತಟ್ಟುವುದೇ ಇಲ್ಲ, ದೊಡ್ಡ ಶಾಕ್ ಆದರೆ ಆ ಕ್ಷಣ ಪಕ್ಕದಲ್ಲಿದ್ದ ನಿಮ್ಮ ಮಗುವನ್ನು ಕಂಡು ಹೆದರುವುದನ್ನು ಕಲಿತೀತು. ಮಕ್ಕಳಿರುವ ಮನೆಗೆ ನಾನು ಖಂಡಿತ ಹೇಳಲಾರೆ. "ರುಚಿ ಹತ್ತಿತು" ಅನ್ನುವುದು ಅರ್ಧ ನಿಜ. ರಕ್ತದ ರುಚಿಯ ಮಾತು ಇದಲ್ಲ, ಓಡಿಸುವುದೇ ಅವಳಿಗೆ ಸುಖ, ಆ ಸುಖ ಒಮ್ಮೆ ಸಿಕ್ಕಿದೆ. ಎರಡನೇ ಸಲ ಸಿಗದಂತೆ ನೋಡಿಕೊಳ್ಳುವುದೇ ಇಡೀ ಚಿಕಿತ್ಸೆ.

ಅದಕ್ಕೆ ನಿಜವಾದ ದಾರಿ ನೀರಸವಾದದ್ದು: ಹೊಲ ಬಯಲಿನಲ್ಲಿ ಅವಳ ಜೀವಮಾನ ಪೂರ್ತಿ ಲೀಡ್. ಕುರಿ ಕಾಣಿಸಲಿ, ಕಾಣಿಸದಿರಲಿ. ಗೋಡೆಯ ಆಚೆ ಏನಿದೆ ಅಂತ ನಿಮಗಿಂತ ಮೊದಲು ಅವಳಿಗೆ ಗೊತ್ತಾಗುತ್ತೆ ಅನ್ನುವುದನ್ನು ನೋಡಿದ್ದೀರಿ. ಸಾರ್ವಜನಿಕರಿಗೆ ತೆರೆದಿರುವ ಬೆಟ್ಟ, ಮೂರ್‌ಲ್ಯಾಂಡ್ ಅನ್ನುವ ಪೊದೆ ಹುಲ್ಲಿನ ಬಯಲಿನಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ 2 ಮೀಟರ್ ಮೀರದ ಲೀಡ್ ಕಾನೂನಿನಂತೆಯೇ ಕಡ್ಡಾಯ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳೂ ಇರುತ್ತವೆ. ಜಾನುವಾರು ಹತ್ತಿರ ಇದ್ದರೆ ವರ್ಷವಿಡೀ. ಉದ್ದ ಹಗ್ಗ ಕಟ್ಟಿ ಬಿಡುವವರಿದ್ದಾರೆ, ಲರ್ಚರ್‌ಗೆ ಅದು ಅಪಾಯ. ಪೂರ್ತಿ ವೇಗದಲ್ಲಿ ಹಗ್ಗದ ತುದಿ ಮುಟ್ಟಿದರೆ ಕುತ್ತಿಗೆಗೂ ಪೆಟ್ಟು, ನಿಮ್ಮ ಭುಜಕ್ಕೂ ಪೆಟ್ಟು. ಬಳಸುವುದಾದರೆ ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿ, ಹಗ್ಗ ಗಿಡ್ಡ ಇರಲಿ. ಇವುಗಳ ತಲೆ ಸಣ್ಣದು, ಕುತ್ತಿಗೆ ದಪ್ಪ, ಮಾಮೂಲಿ ಕಾಲರ್ ಹಿಂದಕ್ಕೆ ಎಳೆದರೆ ಕಳಚಿಬರುತ್ತೆ, ಅದಕ್ಕೆ ಅಗಲದ ಹೌಂಡ್ ಕಾಲರ್ ಕೊಳ್ಳಿ. ಮನೆಯ ಹಿತ್ತಲ ಬೇಲಿ 6 ಅಡಿ ಇರಲಿ. ಅವಳು ಗೋಡೆ ಹಾರಿದ್ದನ್ನು ಮರೆಯಬೇಡಿ.

ಓಡಿಸಬೇಕಲ್ಲ ಅಂತ ಕೇಳುತ್ತೀರಿ. ಈಗ ಬಹಳ ಕಡೆ ರೈತರೇ ಒಂದು ಹೊಲಕ್ಕೆ ಎತ್ತರದ ಬೇಲಿ ಹಾಕಿ ನಾಯಿಗಳಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ವಾರಕ್ಕೆ ಎರಡು ಸಲ ಅಲ್ಲಿ ಮನಸಾರೆ ಓಡಲಿ. ಓಟದ ನಾಯಿಗಳಿಗೆ ಬೇಕಿರುವುದು ಸ್ವಲ್ಪ ಹೊತ್ತಿನ ಜೋರು ಓಟ, ಆಮೇಲೆ ನಿದ್ದೆ. ಜೊತೆಗೆ ಶಿಕ್ಷೆ ಇಲ್ಲದೆ ಕಲಿಸುವ ಒಬ್ಬ ಟ್ರೇನರ್ ಹುಡುಕಿ, ದೂರದಲ್ಲಿ ಕುರಿ ಕಂಡಾಗ ನಿಮ್ಮ ಕಡೆ ತಿರುಗಿದರೆ ತಿಂಡಿ ಅನ್ನುವುದರಿಂದ ಶುರುಮಾಡುತ್ತಾರೆ. ಅದರಿಂದ ಅವಳು ಲೀಡ್‌ನಲ್ಲಿ ಜಗ್ಗದೆ ನಡೆಯುತ್ತಾಳೆ. ಲೀಡ್ ಬಿಚ್ಚುವಷ್ಟು ನಂಬಿಕೆ ಬರುತ್ತೆ ಅಂತ ನಾನು ಮಾತು ಕೊಡಲಾರೆ. ಜುಲೈ, ಆಗಸ್ಟ್‌ನಲ್ಲಿ ಕಾಡಂಚಿನ ಬಲೆಯೊಳಗೆ ಫೆಸೆಂಟ್ ಮರಿಗಳನ್ನು ತಂದು ಬಿಟ್ಟಿರುತ್ತಾರೆ, ಬಲೆಯೊಳಗೆ ಇರುವಷ್ಟು ದಿನ 1971ರ ಕಾನೂನಿಗೆ ಅವೂ ಜಾನುವಾರೇ, ಆ ಕಡೆ ಸುಳಿಯಬೇಡಿ.

ಒಂದು ಕಡೆ ಮಾತ್ರ ಲೀಡ್ ಬಿಡಬೇಕು. ಕರು ಹಾಕಿದ ಹಸುಗಳು ನಿಮ್ಮನ್ನು ಅಟ್ಟಿಸಿಕೊಂಡು ಬಂದರೆ ತಕ್ಷಣ ಲೀಡ್ ಕೈಬಿಡಿ. ಅವಕ್ಕೆ ಸಿಟ್ಟು ನಾಯಿಯ ಮೇಲೆ, ಚಿಗರಿ ಓಡಿ ತಪ್ಪಿಸಿಕೊಳ್ಳುತ್ತಾಳೆ, ನಿಮಗೆ ಆಗುವುದಿಲ್ಲ. ನಾಯಿ ಹಿಡಿದುಕೊಂಡೇ ನಿಂತು ಪ್ರಾಣ ಕಳೆದುಕೊಂಡವರಿದ್ದಾರೆ.

ಹೇಲು ಎತ್ತುವುದು ಕೂಡ ಇಲ್ಲಿ ಬರೀ ಶುಚಿಯ ಮಾತಲ್ಲ. ನಿಯೋಸ್ಪೋರಾ ಅನ್ನುವ ಸಣ್ಣ ಜೀವಿ ನಾಯಿಯ ಹೇಲಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ ಹೋಗಿ ಗಬ್ಬದ ಹಸು ಕಂದು ಹಾಕುತ್ತದೆ. ಕೆಲವು ಲಾಡಿಹುಳುವಿನ ಮೊಟ್ಟೆಗಳು ಕುರಿಯ ಮಾಂಸದಲ್ಲಿ ಗಂಟು ಕಟ್ಟಿ ಕಸಾಯಿಖಾನೆಯಲ್ಲಿ ಅದನ್ನು ಎಸೆಯುವಂತೆ ಮಾಡುತ್ತವೆ. ಲಾಡಿಹುಳುವಿಗೂ ಸೇರಿದ ಜಂತಿನ ಮಾತ್ರೆ ಎಷ್ಟು ದಿನಕ್ಕೊಮ್ಮೆ ಅಂತ ನಿಮ್ಮ ವೆಟ್ ಹತ್ತಿರ ಕೇಳಿ, ಕುರಿಯ ಹಸಿ ಮಾಂಸ ಕೊಡಬೇಡಿ.

ದಾರಿಯಲ್ಲಿ ಕುರಿ ಬೆನ್ನ ಮೇಲೆ ಬಿದ್ದು ಕಾಲು ಆಡಿಸುತ್ತಿದ್ದರೆ ದಯವಿಟ್ಟು ಸುಮ್ನೆ ಹೋಗಬೇಡಿ. ಯಾರ್ಕ್‌ಶೈರ್‌ನಲ್ಲಿ ಅದಕ್ಕೆ ರಿಗ್‌ವೆಲ್ಟೆಡ್ ಅಂತ ಒಂದು ಪದವೇ ಇದೆ. ಉಣ್ಣೆಯ ಭಾರ, ಗಬ್ಬದ ಭಾರ, ತಾನಾಗಿ ಏಳಲಾರದು, ಹೊಟ್ಟೆ ಉಬ್ಬಿ ಕೆಲವೇ ಗಂಟೆಯಲ್ಲಿ ಸಾಯುತ್ತದೆ. ಚಿಗರಿಯನ್ನು ದೂರ ಕಟ್ಟಿ, ಉಣ್ಣೆ ಹಿಡಿದು ಮಗ್ಗುಲಿಗೆ ಹೊರಳಿಸಿ ಎಬ್ಬಿಸಿ, ಕಾಲು ಊರುವ ತನಕ ಹಿಡಿದುಕೊಳ್ಳಿ, ರೈತರಿಗೆ ಫೋನ್ ಮಾಡಿ. ಆದರೆ ಕಂದು ಬಿದ್ದದ್ದು ಕಂಡರೆ ಮುಟ್ಟಬೇಡಿ. ಮನೆಯಲ್ಲಿ ಬಸುರಿ ಇದ್ದರೆ ಅವರು ಮರಿ ಹಾಕುವ ಕುರಿಗಳ ಹತ್ತಿರವೇ ಹೋಗಬಾರದು, ಮನುಷ್ಯರಲ್ಲೂ ಗರ್ಭ ಇಳಿಸುವ ರೋಗಾಣುಗಳು ಅಲ್ಲಿರುತ್ತವೆ.

ವಾಪಸ್ ಕೊಡಬೇಕಾ? ನನ್ನ ಅಭಿಪ್ರಾಯದಲ್ಲಿ ಈಗ ಬೇಡ. ಒಂದು ಸಲ ಅಟ್ಟಿದ್ದಾಳೆ, ತಪ್ಪು ಲೀಡ್ ಬಿಚ್ಚಿದ್ದರಲ್ಲಿತ್ತು, ಅದನ್ನು ನೀವು ತಿದ್ದಿಕೊಳ್ಳಬಹುದು. ಆದರೆ ಮನೆಯಲ್ಲಿ ಎಲ್ಲರೂ ಕೂತು ಪ್ರಾಮಾಣಿಕವಾಗಿ ಮಾತಾಡಿ. ಸಣ್ಣ ಮಕ್ಕಳು ಬಾಗಿಲು ತೆರೆದಿಡುತ್ತಾರೆ, ಬೇಲಿ ಎತ್ತರಿಸಲು ಬಾಡಿಗೆ ಮನೆಯವರು ಒಪ್ಪುವುದಿಲ್ಲ, ದಿನಕ್ಕೆ ಎರಡು ಸಲ ಲೀಡ್‌ನಲ್ಲಿ ನಡೆಸಲು ಯಾರಿಗೂ ಹೊತ್ತಿಲ್ಲ, ಹೀಗಿದ್ದರೆ ಕುರಿ ಇಲ್ಲದ ಪಟ್ಟಣದ ಮನೆ ಅವಳಿಗೆ ಒಳ್ಳೆಯದು. ಹಾಗೆ ಕೊಟ್ಟವರನ್ನು ನಾನು ಕೆಟ್ಟವರು ಅಂದುಕೊಂಡಿಲ್ಲ. ಇದೇ ಇನ್ನೊಮ್ಮೆ ಆಗಿ ಕೋರ್ಟಿಗೆ ಹೋದರೆ, 1871ರ ಡಾಗ್ಸ್ ಆಕ್ಟ್ ಪ್ರಕಾರ ನಾಯಿಯನ್ನು ಕೊಲ್ಲಿಸಿ ಅಂತಲೂ ಆದೇಶ ಬರಬಹುದು.

ಕುರಿಗೆ ಏನಾಗುತ್ತೆ ಅನ್ನುವುದು ಬೀಳುವ ದಿನವೇ ತಿಳಿಯುವುದಿಲ್ಲ. ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಹೋಗಿ ಕೇಳಿ. ಏಪ್ರಿಲ್‌ನಲ್ಲಿ ಆ ನೀಲಿ ಗುರುತಿನ ಕುರಿ ಮರಿ ಹಾಕಿದ ಸುದ್ದಿ ಬಂದರೆ ನನಗೂ ಒಂದು ಸಾಲು ಬರೆಯಿರಿ.